ಕಳ್ಳತನ ಕಮ್ಮಿ ಆಯ್ತಾ, ಕೇಸು ಕಮ್ಮಿ ಆಯ್ತಾ? ದೇಶದ ಅಪರಾಧ ಲೆಕ್ಕ ಎಲ್ಲಿ ತಪ್ಪುತ್ತೆ

ಎನ್‌ಸಿಆರ್‌ಬಿ ವರದಿ ಬಂದಾಗಲೆಲ್ಲ ಟೀವಿಯಲ್ಲಿ ಒಂದೇ ಚರ್ಚೆ: ಯಾವ ರಾಜ್ಯದಲ್ಲಿ ಅಪರಾಧ ಜಾಸ್ತಿ, ಯಾವ ನಗರ ಸೇಫು. ಆದರೆ ಈ ವರದಿ ಎಣಿಸುವುದು ನಡೆದ ಅಪರಾಧವನ್ನಲ್ಲ, ಠಾಣೆಯಲ್ಲಿ ದಾಖಲಾದ ಕೇಸನ್ನು. ಎರಡೂ ಬೇರೆ ಬೇರೆ ಎಂದು ಎನ್‌ಸಿಆರ್‌ಬಿಯೇ ಎಚ್ಚರಿಸುತ್ತದೆ.

ಅಂಕಿ ಠಾಣೆಯಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ಕೊನೆಗೆ ದೆಹಲಿಗೆ ಹೋಗುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ ಎರಡೂ ಇದ್ದರೆ ಲೆಕ್ಕಕ್ಕೆ ಸಿಗುವುದು ಕೊಲೆ ಮಾತ್ರ. ಇನ್ನು ರಾಜ್ಯವೇ ಮಾಹಿತಿ ಕೊಡದಿದ್ದರೆ? 2019ರ ವರದಿಗೆ ಪಶ್ಚಿಮ ಬಂಗಾಳದ ಅಂಕಿ ಸಕಾಲಕ್ಕೆ ಬರಲಿಲ್ಲ. ಆಗ 2018ರ ಅಂಕಿಯನ್ನೇ ಹಾಕಿ ದೇಶದ ಮೊತ್ತ ಕೂಡಿಸಿದರು.

ಅಮೆರಿಕದ್ದೂ ಇದೇ ಗೋಳು. 2021ರಲ್ಲಿ ಎಫ್‌ಬಿಐ ಹೊಸ ಪದ್ಧತಿಗೆ ಬದಲಾದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರ ಅಂಕಿಯೇ ಬರಲಿಲ್ಲ. ಬಂದಷ್ಟನ್ನು ಇಟ್ಟುಕೊಂಡು ಅಂದಾಜು ಹಾಕಿದರು: ಕೊಲೆ ಸುಮಾರು 22,900. ಆದರೆ ಅದು 21,300ರಿಂದ 24,600ರವರೆಗೆ ಎಷ್ಟಾದರೂ ಇರಬಹುದು ಅಂತಲೂ ಜೊತೆಗೇ ಹೇಳಿದರು. ಹಿಂದಿನ ವರ್ಷ ಸುಮಾರು 22,000 ಇತ್ತು. ಅಂದರೆ ಕೊಲೆ ಹೆಚ್ಚಾಯ್ತೋ ಕಮ್ಮಿ ಆಯ್ತೋ ಖಚಿತವಾಗಿ ಹೇಳೋಕೆ ಆಗಲಿಲ್ಲ. ಅಂದಾಜಿಗೆ ಎಷ್ಟು ಹಿಂದೆಮುಂದೆ ಇದೆ ಅಂತ ಹೇಳಿದ್ದಾದರೂ ಪ್ರಾಮಾಣಿಕ. ಹಳೇ ವರ್ಷದ ಅಂಕಿ ತುಂಬಿದರೆ ಆ ಸುಳಿವೂ ಸಿಗಲ್ಲ.

ಆದರೆ ಇವೆಲ್ಲ ಮೇಲಿನ ತೂತು. ದೊಡ್ಡ ತೂತು ಇರುವುದು ಠಾಣೆ ಬಾಗಿಲಲ್ಲೇ. ಸಂತೆಯಲ್ಲಿ ಮೊಬೈಲ್ ಹೋದರೆ ‘ಕಳೆದುಹೋಗಿದೆ’ ಅಂತ ಬರೆದುಕೊಟ್ಟು ಬರುವವರೇ ಹೆಚ್ಚು. ಅದು ಕಳವಿನ ಲೆಕ್ಕಕ್ಕೆ ಸೇರಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪಟ್ಟಿಯಲ್ಲಿ 5 ಸಾವಿರ ರೂಪಾಯಿಗಿಂತ ಕಡಿಮೆ ಮೊತ್ತದ ಸಾಮಾನ್ಯ ಕಳವು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹೀಗೆ ಸಣ್ಣ ಕಳವು ಎಫ್‌ಐಆರ್‌ನಿಂದ ಹೊರಗುಳಿದರೆ ಮುಂದಿನ ವರದಿಗಳಲ್ಲಿ ಕಳವು ಇಳಿದಂತೆ ಕಂಡೀತು. ಬೀದಿಯಲ್ಲಿ ಏನೂ ಬದಲಾಗಿರಲ್ಲ.

ವ್ಯಾಪಾರಿಗಳು ಒಂದು ವಿಷಯ ಗಮನಿಸಬೇಕು. ಅಂಗಡಿ, ಗೋದಾಮಿನ ಒಳಗಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಬೇರೆಯೇ ಇದೆ. ಅಲ್ಲಿ ಈ 5 ಸಾವಿರದ ಮಿತಿ ಇಲ್ಲ. ಸಂಜ್ಞೇಯ ಅಪರಾಧಕ್ಕೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅದರ ಪ್ರತಿಯೂ ದೂರುದಾರರಿಗೆ ಉಚಿತ. ‘ಹೋಗ್ಲಿ ಬಿಡಿ, ಸಿಗಲ್ಲ’ ಅಂತ ವಾಪಸ್ ಬಂದರೆ ದೆಹಲಿಯ ಲೆಕ್ಕದಲ್ಲಿ ಆ ಕಳ್ಳತನ ನಡೆದೇ ಇಲ್ಲ.