ಗೃಹಯಂತ್ರ ವಿಚಾರ: ತೊದಲುವ ಸಂಗೀತ

ಗಣಕಯಂತ್ರದಲ್ಲಿ ಹಾಡನ್ನು ಹಚ್ಚಿ ಕೇಳುತ್ತಿರುವಾಗ ಮನೆಯವರೊಬ್ಬರು ಅದೇ ಯಂತ್ರದಲ್ಲಿ ಅಂತರ್ಜಾಲದ ಪುಟಗಳನ್ನು ತೆರೆಯತೊಡಗಿದರೆ ಹಾಡು ತುಂಡುತುಂಡಾಗಿ ತೊದಲುವುದೆಂದೂ, ಇದರ ಕಾರಣವನ್ನೂ ಪರಿಹಾರವನ್ನೂ ತಿಳಿಸಬೇಕೆಂದೂ ಔರಾದ, ಭಾಲ್ಕಿ ಕಡೆಯ ಕೆಲವು ಗೃಹಸ್ಥರು ನಮ್ಮನ್ನು ಕೇಳಿರುತ್ತಾರೆ. ಅಂಗಡಿಯವರು ಹೊಸ ಯಂತ್ರವನ್ನು ಕೊಳ್ಳಿರೆಂದು ಹೇಳಿದರೆಂಬುದೂ ಅವರ ಮಾತುಗಳಿಂದ ತಿಳಿಯಿತು. ಹಣದ ಮಾತು ಬಂದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಸಂಸ್ಕೃತ ಛಂದಸ್ಸಿನಲ್ಲಿ ಯತಿಭಂಗವೆಂಬ ದೋಷವೊಂದುಂಟು. ಮಂದಾಕ್ರಾಂತಾ ವೃತ್ತದ ಪಾದಕ್ಕೆ ಹದಿನೇಳು ಅಕ್ಷರಗಳು. ನಾಲ್ಕು, ಆರು, ಏಳು ಎಂಬ ಲೆಕ್ಕದಲ್ಲಿ ನಿಲ್ಲುವುದು ನಿಯಮ. ಆ ನಿಲುಗಡೆಯು ಪದದ ನಡುವೆ ಬಿದ್ದು ಪದವು ಎರಡಾಗಿ ಒಡೆದರೆ, ಅಕ್ಷರಗಳೆಲ್ಲ ಸರಿಯಾಗಿದ್ದರೂ ಕಿವಿಗೆ ಸಹ್ಯವಾಗದು. (ಕನ್ನಡ ಕವಿಗಳು ಯತಿಯನ್ನು ಅಷ್ಟಾಗಿ ಲೆಕ್ಕಿಸಿದವರಲ್ಲ, ಆ ಚರ್ಚೆ ಇಲ್ಲಿ ಬೇಡ.) ಗಣಕಯಂತ್ರದ ಹಾಡಿಗೆ ತಗಲುವ ದೋಷವೂ ಬಹುಮಟ್ಟಿಗೆ ಇದೇ ಜಾತಿಯದು. ಸ್ವರವು ನಷ್ಟವಾಗಿರುವುದಿಲ್ಲ, ಹೊತ್ತಿಗೆ ಸರಿಯಾಗಿ ಬಂದಿರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ (೧೯೧೦–೧೯೯೨) ಜಯಪುರ-ಅತ್ರೌಲಿ ಘರಾಣೆಯ ಗಾಯನದಲ್ಲಿ ತಾನವು ಸುತ್ತಿ ಸುತ್ತಿ ಸಮಕ್ಕೆ ಬಂದು ಕೂಡುವ ಕ್ಷಣದಲ್ಲಿ ಯಂತ್ರವು ಬಿಕ್ಕಿದರೆ ಕೇಳುವವರಿಗೆ ಎಷ್ಟು ಸಂಕಟವೆಂಬುದನ್ನು ರಸಿಕರಿಗೆ ಹೇಳಬೇಕಾದುದಿಲ್ಲ.

ಕಾರಣವನ್ನು ನೋಡೋಣ. ೧೯೮೨ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮದಂತೆ ಒಂದು ಸೆಕೆಂಡಿನ ಧ್ವನಿಯನ್ನು ೪೪,೧೦೦ ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಎಡಬಲಗಳೆರಡನ್ನೂ ಕೂಡಿಸಿದರೆ ಸೆಕೆಂಡಿಗೆ ೧,೭೬,೪೦೦ ಬೈಟುಗಳಾಗುವುವು. ಸಂಖ್ಯೆ ದೊಡ್ಡದಾಗಿ ತೋರಿದರೂ ಹತ್ತು ಹದಿನೈದು ವರ್ಷದ ಹಳೆಯ ಯಂತ್ರಕ್ಕೂ ಇದು ಭಾರವಲ್ಲ. ತೊಡಕಿರುವುದು ವೇಗದಲ್ಲಲ್ಲ, ಸರದಿಯಲ್ಲಿ. ನಮ್ಮ ಕಡೆ ನಳಕ್ಕೆ ನೀರು ಬರುವ ಹೊತ್ತು ಬೇರೆ, ಮನೆಯಲ್ಲಿ ಬಳಸುವ ಹೊತ್ತು ಬೇರೆ. ನಡುವೆ ಟಾಕಿಯೊಂದಿರುವುದರಿಂದ ಸಂಸಾರ ಸಾಗುವುದು. ಅದರಂತೆಯೇ ಗಣಕಯಂತ್ರದಲ್ಲಿಯೂ ಬಫರ್ ಎಂಬ ಟಾಕಿಯುಂಟು. ಯಂತ್ರದ ಬುದ್ಧಿಸ್ಥಾನವಾದ ಪ್ರೊಸೆಸರು ಇದನ್ನು ಆಗಾಗ ತುಂಬುತ್ತಿರುವುದು. ಧ್ವನಿಯ ಭಾಗವು ಎಡೆಬಿಡದೆ ಖಾಲಿ ಮಾಡುತ್ತಿರುವುದು. ಆದರೆ ಟಾಕಿ ಬಹಳ ಚಿಕ್ಕದು. ಅನೇಕ ಯಂತ್ರಗಳಲ್ಲಿ ಒಂದು ಸೆಕೆಂಡಿನ ಅಲ್ಪಭಾಗದಷ್ಟು ಧ್ವನಿ ಮಾತ್ರ ಅದರಲ್ಲಿ ಹಿಡಿಯುವುದು. ಪ್ರೊಸೆಸರು ಬೇರೆಯವರ ಕೆಲಸದಲ್ಲಿ ಸಿಕ್ಕಿಕೊಂಡು ಅಷ್ಟು ಹೊತ್ತಿನೊಳಗೆ ಮರಳಿ ಬಾರದಿದ್ದರೆ ಟಾಕಿ ಬರಿದಾಗಿ ಹಾಡು ಬಿಕ್ಕುವುದು.

ಪರಿಹಾರಕ್ಕೆ ಮುನ್ನ ಪರೀಕ್ಷೆಯೊಂದನ್ನು ಮಾಡತಕ್ಕದ್ದು. ಗ್ರಾಮಫೋನಿನ ಕಾಲದವರಿಗೆ ನೆನಪಿರಬಹುದು: ತಟ್ಟೆಯ ಮೇಲೆ ಗೀರು ಬಿದ್ದಿದ್ದರೆ ಮುಳ್ಳು ಪ್ರತಿ ಸಲವೂ ಅದೇ ಸ್ಥಳದಲ್ಲಿ ಎಡವುತ್ತಿತ್ತು. ಇಲ್ಲಿಯೂ ಹಾಗೆಯೇ. ಅಂತರ್ಜಾಲದ ಪುಟಗಳನ್ನೆಲ್ಲ ಮುಚ್ಚಿ ಹಾಡನ್ನು ಎರಡು ಸಲ ಕೇಳಬೇಕು. ಎರಡು ಸಲವೂ ಅದೇ ನಿಮಿಷ, ಅದೇ ಶಬ್ದದಲ್ಲಿ ತಡೆದರೆ ದೋಷವು ಧ್ವನಿಮುದ್ರಿಕೆಯಲ್ಲಿದೆಯೆಂದು ಸಂಶಯಿಸಬೇಕು. ತಡೆಯುವ ಸ್ಥಳವು ಬದಲಾಗುತ್ತಿದ್ದರೆ ಮುದ್ರಿಕೆ ನಿರ್ದೋಷಿ; ಅಪರಾಧವು ಯಂತ್ರದ್ದು.

ಈ ಸಣ್ಣ ಪರೀಕ್ಷೆಯ ಬೆಲೆಯೇನೆಂಬುದನ್ನು ಔರಾದ ತಾಲೂಕಿನ ಒಂದು ಮನೆತನದಲ್ಲಿ ಕಂಡೆವು. ದಿವಂಗತರಾದ ತಮ್ಮ ತೀರ್ಥರೂಪರು ಭಜನೆಯಲ್ಲಿ ಹಾಡಿದ್ದ ತತ್ತ್ವಪದಗಳನ್ನು ಆ ಗೃಹಸ್ಥರು ಹಳೆಯ ಕ್ಯಾಸೆಟ್ಟಿನಿಂದ ಗಣಕಯಂತ್ರಕ್ಕೆ ಇಳಿಸಿಕೊಂಡಿದ್ದರು. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಅದನ್ನು ಬಿಸುಟಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ವೃದ್ಧ ಮಾತೃಶ್ರೀಯವರು ಅದನ್ನು ಕೇಳುವುದು ವಾಡಿಕೆ. ಹಾಡು ಒಡೆಯತೊಡಗಿದಾಗ, ಇಳಿಸುವಾಗಲೇ ಕೆಟ್ಟಿರಬೇಕೆಂದು ಎಲ್ಲರೂ ನಂಬಿಬಿಟ್ಟರು; ಅದನ್ನು ಅಳಿಸಿಬಿಡುವ ಮಾತೂ ಆಗಿತ್ತು. ಪರೀಕ್ಷಿಸಲಾಗಿ, ಬೆಳಿಗ್ಗೆ ಆ ಪದಗಳು ಒಂದೆಡೆಯೂ ತಡೆಯದೆ ನಡೆದವು. ಸಂಜೆಯ ಹೊತ್ತಿಗೆ ಮಗನು ಪಹಣಿಯ ಪುಟ, ಧಾರಣೆಯ ಪುಟ, ಮಗಳು ಪರೀಕ್ಷೆಯ ಪುಟ, ಇವುಗಳೊಂದಿಗೆ ತಾವಾಗಿ ಓಡುವ ಜಾಹೀರಾತಿನ ಚಿತ್ರಗಳು, ಹೀಗೆ ಇಪ್ಪತ್ತಕ್ಕೂ ಹೆಚ್ಚು ಟ್ಯಾಬುಗಳು ತೆರೆದಿರುತ್ತಿದ್ದವು. ಅವುಗಳನ್ನು ಮುಚ್ಚಿದೊಡನೆ ಹಾಡು ಸರಿಹೋಯಿತು. ಆ ಮುದ್ರಿಕೆಯ ಪ್ರತಿಗಳೆರಡನ್ನು ಬೇರೆ ಬೇರೆ ಪೆನ್ ಡ್ರೈವುಗಳಲ್ಲಿ ತೆಗೆದಿರಿಸಲು ಹೇಳಿ ಬಂದೆವು.

ಟ್ಯಾಬುಗಳು ಇಷ್ಟು ತೊಂದರೆ ಕೊಡುವುದೇಕೆ? ವಿಂಡೋಸ್ ಉಳ್ಳ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರಲ್ಲಿ ಮೆಮೊರಿಯು ತುಂಬುತ್ತ ಬಂದು, ಡಿಸ್ಕಿನ ಅಂಕಿಯು ನೂರರ ಸಮೀಪದಲ್ಲಿಯೇ ನಿಂತಿದ್ದರೆ ರೋಗ ಹಿಡಿಯಿತೆಂದು ತಿಳಿಯಬಹುದು. ಹಲಗೆಯ ಮೇಲೆ ಸ್ಥಳವಿಲ್ಲದಾಗ ಉಪಾಧ್ಯಾಯನು ಬರೆದುದನ್ನು ಪುಸ್ತಕಕ್ಕೆ ನಕಲು ಮಾಡಿ ಹಲಗೆಯನ್ನು ಒರೆಸುವಂತೆ, ಮೆಮೊರಿ ಸಾಲದ ಯಂತ್ರವು ಅದರಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸಿ ಬೇಕಾದಾಗ ಮರಳಿ ತರುವುದು. ಹಳೆಯ ಹಾರ್ಡ್ ಡಿಸ್ಕು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವ ಬಿಲ್ಲೆ. ಅದರ ಮೇಲೆ ಒಂದು ಕೈ ಅತ್ತಿತ್ತ ಓಡಾಡಬೇಕು. ಹಾಡೂ ಅಲ್ಲಿಂದಲೇ ಬರಬೇಕಾದುದರಿಂದ ಸರದಿ ತಪ್ಪುವುದು. ಆದಕಾರಣ ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಮೊದಲು ನಾಲ್ಕು ಜಿಬಿ ರ‍್ಯಾಮನ್ನು ಎಂಟಕ್ಕೆ ಏರಿಸುವುದು, ಸಾಧ್ಯವಾದರೆ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಇದಾವುದೂ ಬೇಡವೆಂದರೆ ಕ್ರೋಮಿನಲ್ಲಿ ಮೆಮೊರಿ ಸೇವರ್, ಎಡ್ಜಿನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಎಂಬ ಏರ್ಪಾಡುಗಳಿವೆ. ನೋಡದೆ ಬಿಟ್ಟ ಟ್ಯಾಬುಗಳನ್ನು ಅವು ಮಲಗಿಸುವುವು. ವಿ.ಎಲ್.ಸಿ. ಎಂಬ ವಾದಕದಲ್ಲಿ ಟಾಕಿಯ ಗಾತ್ರವನ್ನು ಮಿಲಿಸೆಕೆಂಡುಗಳಲ್ಲಿ ಹೆಚ್ಚಿಸಿಕೊಳ್ಳಲೂಬಹುದು.

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ವಿಚಿತ್ರವಾದ ಕಾರಣವೊಂದಿತ್ತು. ಡಿಸ್ಕನ್ನು ಓದುವಾಗ ಆರು ದೋಷಗಳು ಕೂಡಿದರೆ ಯಂತ್ರವು ತಾನಾಗಿಯೇ ಶೀಘ್ರಮಾರ್ಗವನ್ನು ಬಿಟ್ಟು, ಪ್ರೊಸೆಸರಿನ ಕೈಯಿಂದಲೇ ಎಲ್ಲವನ್ನೂ ಹೊರಿಸುವ ಹಳೆಯ ಮಾರ್ಗಕ್ಕೆ ಇಳಿದುಬಿಡುತ್ತಿತ್ತು. ಯಜಮಾನನಿಗೆ ಒಂದು ಮಾತನ್ನೂ ಹೇಳುತ್ತಿರಲಿಲ್ಲ!

ಬ್ಲೂಟೂತ್ ಸ್ಪೀಕರಿನಲ್ಲಿ ಕೇಳುವವರಿಗೆ ಬೇರೊಂದು ಮಾತು. ಬ್ಲೂಟೂತ್ ನಡೆಯುವುದು ೨.೪ ಗಿಗಾಹರ್ಟ್ಸ್ ಅಲೆಗಳಲ್ಲಿ. ವೈಫೈಗೂ ಅನೇಕ ಮನೆಗಳಲ್ಲಿ ಅದೇ ದಾರಿ. ಪುಟಗಳು ಇಳಿಯುತ್ತಿರುವಾಗ ಇವೆರಡೂ ಒಂದೇ ಓಣಿಯಲ್ಲಿ ನುಗ್ಗಾಡುವುವು. ತಂತಿಯುಳ್ಳ ಹೆಡ್‌ಫೋನನ್ನು ಸಿಕ್ಕಿಸಿದೊಡನೆ ತೊದಲು ನಿಂತರೆ ಯಂತ್ರವನ್ನು ಬಿಚ್ಚಿಸಬೇಕಾದುದಿಲ್ಲ. ವೈಫೈಯನ್ನು ೫ ಗಿಗಾಹರ್ಟ್ಸಿಗೆ ಬದಲಾಯಿಸಿದರೆ ಸಾಕು.

ಹಾಡೇ ಅಂತರ್ಜಾಲದಿಂದ ಬರುತ್ತಿದ್ದರೆ ಲಕ್ಷಣ ಬೇರೆ. ಆಗ ಬಿಕ್ಕುವುದು ಕಡಮೆ. ಕೆಲವು ಸೆಕೆಂಡು ಪೂರ್ತಿ ಮೌನವಾಗಿ, ಬಳಿಕ ಬಿಟ್ಟಲ್ಲಿಂದ ಮುಂದುವರಿಯುವುದು. ಸಾಧಾರಣ ಹಾಡಿಗೆ ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟು ಸಾಕಾಗುವುದರಿಂದ, ಅದೇ ಹೊತ್ತಿನಲ್ಲಿ ಯಾರಾದರೂ ಚಲಚ್ಚಿತ್ರವನ್ನು ಇಳಿಸಿಕೊಳ್ಳುತ್ತಿರುವರೇ ಎಂದು ಮೊದಲು ವಿಚಾರಿಸಬೇಕು.

ಕೊನೆಗೆ ಬೇಸಿಗೆಯ ವಿಷಯ. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯ ಬಿಸಿಲು ಎಂತಹದೆಂಬುದು ಎಲ್ಲರಿಗೂ ಗೊತ್ತು. ಒಳಗಿನ ಪಂಖಕ್ಕೆ ಧೂಳು ಕಟ್ಟಿದ್ದರೆ ಪ್ರೊಸೆಸರು ತಾನು ಸುಟ್ಟುಹೋಗದಂತೆ ವೇಗವನ್ನು ಇಳಿಸಿಕೊಳ್ಳುವುದು. ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪು ವಿದ್ಯುತ್ತನ್ನು ಉಳಿಸುವುದಕ್ಕಾಗಿ ಹೀಗೆಯೇ ಮಾಡುವುದು. ಬೆಳಿಗ್ಗೆ ಸರಿಯಾಗಿದ್ದ ಹಾಡು ಮಧ್ಯಾಹ್ನ ಮಾತ್ರ ತೊದಲುತ್ತಿದ್ದರೆ, ಯಂತ್ರವನ್ನು ಆರಿಸಿ ತಂತಿಯನ್ನು ಕಳಚಿ, ಗಾಳಿಕಂಡಿಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ಹಾಸಿಗೆಯ ಮೇಲಲ್ಲದೆ ಮಣೆಯ ಮೇಲೆ ಇರಿಸಿ ನೋಡತಕ್ಕದ್ದು.