ಆ ಮಗುವಿಗೆ ಸಿಗದ ಔಷಧಿಗೆ ನಾವ್ಯಾಕೆ ದುಡ್ಡು ಕೊಡಬೇಕು?

ಮಕ್ಕಳೇ, ಊರಲ್ಲಿ ಯಾವುದೋ ಮಗುವಿಗೆ ಕ್ಯಾನ್ಸರ್ ಬಂದರೆ ನಾವು ಡಬ್ಬಿ ಹಿಡಿದು ಹಣ ಕೂಡಿಸುತ್ತೇವೆ. ಅದು ಆಸ್ಪತ್ರೆಯ ಖರ್ಚಿಗೆ, ಬೇಕೇ ಬೇಕು. ಆದರೆ ಸಂಶೋಧನೆಗೆ ಅಂತ ಕೇಳಿದರೆ? "ಯಾವಾಗಲೋ ಬರೋ ಔಷಧಿಗೆ ಈಗ ಯಾಕೆ ಕೊಡಬೇಕು ಸರ್?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಅಲೆಕ್ಸಾಂಡ್ರಾ ಸ್ಕಾಟ್‌ಗೆ ವರ್ಷ ತುಂಬುವ ಮೊದಲೇ ನ್ಯೂರೋಬ್ಲಾಸ್ಟೋಮಾ ಇರುವುದು ಗೊತ್ತಾಯಿತು. ಇದು ಇನ್ನೂ ಪೂರ್ತಿ ಬೆಳೆಯದ ನರಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. 2000ದಲ್ಲಿ, ನಾಲ್ಕು ವರ್ಷದ ಆ ಹುಡುಗಿ ಮನೆ ಮುಂದೆ ನಿಂಬೆ ಶರಬತ್ತು ಮಾರಿ 2,000 ಡಾಲರ್‌ಗಿಂತ ಹೆಚ್ಚು ಕೂಡಿಸಿದಳು. ಅದು ತನಗಲ್ಲ, ತನ್ನಂಥ ಬೇರೆ ಮಕ್ಕಳಿಗೆ. 2004ರಲ್ಲಿ, ಎಂಟನೇ ವಯಸ್ಸಿಗೆ ತೀರಿಕೊಂಡಳು. ಅಪ್ಪ ಜೇ, ಅಮ್ಮ ಲಿಜ್ ಅಲ್ಲಿಗೆ ನಿಲ್ಲಿಸಲಿಲ್ಲ. 2005ರಲ್ಲಿ ಅವಳ ಹೆಸರಲ್ಲೇ ಪ್ರತಿಷ್ಠಾನ ಕಟ್ಟಿ ಸಂಶೋಧನೆಗೆ ಹಣ ಕೊಡುತ್ತಾ ಬಂದರು. ಅದರಿಂದ ಅವರ ಮಗಳಿಗೆ ಏನೂ ಸಿಗೋದಿಲ್ಲ, ಅಲ್ವಾ?

ಹೆತ್ತವರೇ ಯಾಕೆ ಓಡಾಡಬೇಕು? ದೊಡ್ಡವರಿಗೆ ಹೋಲಿಸಿದರೆ ಕ್ಯಾನ್ಸರ್ ಬರುವ ಮಕ್ಕಳು ಕಡಿಮೆ. ಕೊಳ್ಳುವವರು ಕಡಿಮೆಯಾದರೆ ಔಷಧಿ ಕಂಪನಿಗಳ ಆಸಕ್ತಿಯೂ ಕಡಿಮೆ. ಮಕ್ಕಳ ಕ್ಯಾನ್ಸರ್‌ಗಳ ಬಗೆಯೂ ಬೇರೆ. ದೊಡ್ಡವರ ಔಷಧಿಯನ್ನೇ ಅಳತೆ ಇಳಿಸಿ ಕೊಟ್ಟರೆ ಸಾಲದು.

ಇನ್ನು ಫಲದ ಮಾತು. 1948ರಲ್ಲಿ ಬೋಸ್ಟನ್‌ನ ಡಾ. ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು ಎಂದು ವರದಿ ಮಾಡಿದರು. ಜೀವಕೋಶ ವಿಭಜನೆಯಾಗಲು ಡಿಎನ್‌ಎ ಬೇಕು, ಡಿಎನ್‌ಎ ತಯಾರಾಗಲು ಫೋಲಿಕ್ ಆಮ್ಲ ಬೇಕು. ಈ ಔಷಧಿ ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು, ಕಿಣ್ವಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಇದನ್ನು ತಯಾರಿಸಿದ ತಂಡದ ಮುಖ್ಯಸ್ಥ ಯಲ್ಲಾಪ್ರಗಡ ಸುಬ್ಬರಾವ್, ನಮ್ಮ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು.

ಆ ಚೇತರಿಕೆ ಮಾತ್ರ ತಾತ್ಕಾಲಿಕ. ರೋಗ ಮರಳಿ ಬಂತು. "ಉಪಯೋಗವಿಲ್ಲ" ಅಂತ ಅಂದೇ ಬಿಟ್ಟಿದ್ದರೆ? ಮುಂದಿನವರು ಹಲವು ಔಷಧಿ ಸೇರಿಸಿ ಕೊಡುವುದನ್ನು ಕಲಿತರು. ಇಂದು ಒಳ್ಳೆಯ ಚಿಕಿತ್ಸೆ ಸಿಗುವ ಕಡೆ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ನಿಂದ 100ರಲ್ಲಿ ಸುಮಾರು 90 ಮಕ್ಕಳು ಉಳಿಯುತ್ತಾರೆ. ಅವರು ಬದುಕಿರುವುದು ಅಂದು ಉಳಿಯದ ಮಕ್ಕಳಿಂದ ಕಲಿತ ಪಾಠದಿಂದ.

ಹಾಗಾಗಿ ಇನ್ನೊಮ್ಮೆ ಡಬ್ಬಿ ಬಂದಾಗ ಎರಡು ಪ್ರಶ್ನೆ ಕೇಳಿ: ಇದು ಚಿಕಿತ್ಸೆಗೋ, ಸಂಶೋಧನೆಗೋ? ಲೆಕ್ಕ ಎಲ್ಲಿ ತೋರಿಸುತ್ತೀರಿ? ಸರಿಯಾದ ಉತ್ತರ ಸಿಕ್ಕರೆ, ಸಂಶೋಧನೆಗೆ ಅಂದರೂ ಹಿಂದೆಮುಂದೆ ನೋಡದೆ ಕೈಲಾದಷ್ಟು ಹಾಕಿ.