ಪಥ್ಯ ಬದುಕನ್ನು ಕುಗ್ಗಿಸಬಾರದು

ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಯಲ್ಲಿ ನೋವಿನಷ್ಟೇ ಕಾಡುವುದು ಭಯ. ಸಕ್ಕರೆ ಕಾಯಿಲೆ, ಉಬ್ಬಸ, ಸಂಧಿವಾತ, ಆನೆಕಾಲು, ಯಾವುದೇ ಇರಲಿ, ‘ನಾಳೆ ಏನಾದೀತೋ’ ಎಂಬ ಆತಂಕ ಅದರ ಬೆನ್ನಿಗೇ ಬರುತ್ತದೆ. ಎದೆ ತುಸು ಜೋರಾಗಿ ಬಡಿದರೂ ಮನಸ್ಸು ಅಲ್ಲಿಗೇ ಓಡುತ್ತದೆ. ಒಗ್ಗರಣೆಯ ಘಾಟು, ಮದುವೆಮನೆಯ ಗದ್ದಲ ಕೂಡ ಸಹಿಸಲಾಗುವುದಿಲ್ಲ. ಆಗ ಎಲ್ಲರೂ ಹೇಳುವುದು ಒಂದೇ: ‘ಜೀವನಕ್ರಮ ಬದಲಿಸಿಕೊಳ್ಳಿ.’ ಮಾತು ಸರಿ. ಆದರೆ ಎಂಥ ಬದಲಾವಣೆ ಒಳ್ಳೆಯದು? ನನ್ನ ಮಟ್ಟಿಗೆ ಅಳತೆಗೋಲು ಇಷ್ಟೇ: ಅದರಿಂದ ರೋಗಿಯ ಓಡಾಟ, ಊಟ, ಒಡನಾಟ ಹೆಚ್ಚಿತೇ, ಕಡಿಮೆಯಾಯಿತೇ?

ಹೆಚ್ಚಿಸುವ ಬದಲಾವಣೆಗೆ ಕಾಸರಗೋಡಿನಲ್ಲೇ ಉದಾಹರಣೆ ಇದೆ. ಚರ್ಮವೈದ್ಯ ಡಾ. ಎಸ್.ಆರ್. ನರಹರಿಯವರ ಮುಂದಾಳತ್ವದಲ್ಲಿ 1999ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಆನೆಕಾಲು ರೋಗಿಗಳಿಗೆ ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತ ಬಂದಿದೆ. ಈ ರೋಗಿಗಳು ಕಾಲಿನ ಊತಕ್ಕಿಂತ ಹೆಚ್ಚಾಗಿ ಹೆದರುವುದು ಆಗಾಗ ಮರುಕಳಿಸುವ ಚಳಿಜ್ವರಕ್ಕೆ. ಸಾಮಾನ್ಯವಾಗಿ ಅದಕ್ಕೆ ಕಾರಣ ಕಾಲ್ಬೆರಳ ಸಂದಿಯ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ. ಹಾಗಾಗಿ ರೋಗಿಗೆ ಮೊದಲ ಪಾಠ ಕಾಲು ತೊಳೆಯುವುದು. ಸೋಪು ಹಚ್ಚಿ, ಚರ್ಮದ ಮಡಿಕೆಗಳನ್ನು ಬಿಡಿಸಿ ತೊಳೆಯಬೇಕು. ಪ್ರತಿ ಬೆರಳಿನ ಸಂದಿಯನ್ನೂ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಎಲ್ಲಾದರೂ ಚರ್ಮ ಬಿರಿದಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಅದರ ಜೊತೆಗೆ ಆಸನ, ಉಸಿರಾಟ, ಬಿಗಿಯಾಗಿ ಸುತ್ತುವ ಬ್ಯಾಂಡೇಜು. ಆಳವಾಗಿ ಉಸಿರಾಡಿದಾಗ ಎದೆಗೂಡಿನ ಒತ್ತಡ ಬದಲಾಗಿ ದುಗ್ಧರಸ ಮೇಲಕ್ಕೆ ಹರಿಯಲು ಅನುಕೂಲವಾಗುತ್ತದೆ. ಮೀನಖಂಡದ ಸ್ನಾಯು ಅದನ್ನು ಕೆಳಗಿನಿಂದ ತಳ್ಳುತ್ತದೆ. ಒಂದೇ ಉಸಿರಾಟ ಕಾಲಿಗೂ ಮದ್ದು, ಮನಸ್ಸಿಗೂ ಮದ್ದು.

‘ಹೆದರಬೇಡಿ’ ಎಂದು ಸಾವಿರ ಸಲ ಹೇಳಿದರೂ ಆಗದ ಕೆಲಸವನ್ನು ಈ ದಿನಚರಿ ಮಾಡುತ್ತದೆ. ಜ್ವರ ಎಲ್ಲಿಂದ ಬರುತ್ತದೆಂದು ರೋಗಿಗೆ ಗೊತ್ತಿದೆ, ತಡೆಯುವ ಉಪಾಯ ಅವರ ಕೈಯಲ್ಲೇ ಇದೆ. ಜ್ವರ ಕಡಿಮೆಯಾದ ಮೇಲೆ ಕೂಲಿಗೂ ಹೋಗಬಹುದು, ನೆಂಟರ ಮನೆಗೂ ಹೋಗಬಹುದು.

ಕುಗ್ಗಿಸುವ ಬದಲಾವಣೆಯನ್ನು ನೋಡಲು ನಮ್ಮ ಅಡುಗೆಮನೆಗೇ ಹೋದರೆ ಸಾಕು. ಬದನೆ ನಂಜು, ಹಲಸು ನಂಜು, ಮೊಸರು ಶೀತ. ವೈದ್ಯರು ಬೇಡವೆಂದದ್ದು ಒಂದೋ ಎರಡೋ. ನೆಂಟರಿಷ್ಟರು ಸೇರಿಸಿದ್ದು ಹತ್ತು. ಕೊನೆಗೆ ರೋಗಿಯ ಬಟ್ಟಲಲ್ಲಿ ಉಳಿಯುವುದು ಗಂಜಿ ಮಾತ್ರ. ನಿಜವಾದ ಅಲರ್ಜಿ ಇದ್ದವರು ಆ ಪದಾರ್ಥವನ್ನು ಬಿಡಲೇಬೇಕು. ಬರೀ ಭಯದಿಂದ ಬಿಟ್ಟರೆ ಮಾತ್ರ ಭಯವೇ ಬೆಳೆಯುತ್ತದೆ. ಬಿಟ್ಟ ದಿನ ಏನೂ ಆಗಲಿಲ್ಲವೆಂದರೆ ತಪ್ಪೆಲ್ಲ ಅದರದ್ದೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ತಿಂದು ನೋಡುವ ಧೈರ್ಯ ಮತ್ತೆ ಬರುವುದಿಲ್ಲ. ಸದ್ದು, ಜನ, ಬಸ್ಸಿನ ಪ್ರಯಾಣದ ಕತೆಯೂ ಇದೇ. ವೈದ್ಯರನ್ನು ಕೇಳಿ, ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ರೂಢಿಸಿಕೊಳ್ಳುವುದೇ ದಾರಿ. ಹೊತ್ತಿಗೆ ಸರಿಯಾಗಿ ಮಲಗುವುದು, ಎದೆಬಡಿತ ಹೆಚ್ಚಿಸುವ ಕಾಫಿ ಚಹಾವನ್ನು ಸಂಜೆಯ ಮೇಲೆ ಬಿಡುವುದು, ಆಟಿಯ ಜಡಿಮಳೆಯಲ್ಲೂ ಜಗಲಿಯ ಉದ್ದಕ್ಕೆ ನಾಲ್ಕು ಸುತ್ತು ನಡೆಯುವುದು, ಇವೆಲ್ಲ ಖರ್ಚಿಲ್ಲದ ಕೆಲಸಗಳು. ಮನಸ್ಸನ್ನು ಹದಕ್ಕೆ ತರುತ್ತವೆ.

ಆದರೆ ರೋಗಿ ತಾನೊಬ್ಬನೇ ಬದಲಾದರೆ ಸಾಕೇ? ಕಾಸರಗೋಡು ಜಿಲ್ಲೆಯಲ್ಲೇ, ಎಣ್ಮಕಜೆಯ ಪಡ್ರೆಯಂಥ ಊರುಗಳ ಪಕ್ಕದ ಗೇರು ತೋಟಗಳಿಗೆ 2000ದವರೆಗೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುತ್ತಿರುವ ತಾಯಂದಿರ ಆತಂಕ ಒಂದೇ: ‘ನಾನು ಹೋದ ಮೇಲೆ ಇವರನ್ನು ನೋಡುವವರು ಯಾರು?’ ಪ್ರಾಣಾಯಾಮದಿಂದ ಕರಗುವ ಭಯವಲ್ಲ ಇದು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತ್ತು. ಹಣ ಎಲ್ಲರಿಗೂ ತಲುಪದೆ, 2022ರಲ್ಲಿ ಅದೇ ಕೋರ್ಟ್ ಕೇರಳ ಸರ್ಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ಹಲವರು ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟರು. ಇಂಥವರಿಗೆ ‘ಟೆನ್ಶನ್ ಮಾಡಿಕೊಳ್ಳಬೇಡಿ’ ಎನ್ನುವುದು ಅನ್ಯಾಯ. ಪರಿಹಾರದ ಹಣ, ಹತ್ತಿರದಲ್ಲೊಂದು ಆಸ್ಪತ್ರೆ, ಹೊತ್ತಿಗೆ ಸಿಗುವ ಔಷಧಿ, ಇವೂ ಆತಂಕಕ್ಕೆ ಮದ್ದೇ.

ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ನೀತಿ ರೂಪಿಸಿತು. ಪಂಚಾಯತುಗಳ ಮೂಲಕ ನರ್ಸುಗಳು ಮನೆಗೇ ಬರುತ್ತಾರೆ. ಮಂಜೇಶ್ವರ, ಕುಂಬಳೆಯ ಮನೆಗಳಿಗೆ ಬರುವವರಿಗೆ ಕನ್ನಡವೋ ತುಳುವೋ ಬರುವಂತಾದರೆ ಅರ್ಧ ಭಾರ ಇಳಿದಂತೆ. ಕಾಲುನೋವನ್ನು ಬೆರಳು ತೋರಿಸಿಯೂ ಹೇಳಬಹುದು. ರಾತ್ರಿ ನಿದ್ದೆಗೆಡಿಸುವ ಭಯವನ್ನು ಹೇಳಿಕೊಳ್ಳಲು ಸ್ವಂತ ಮಾತೇ ಬೇಕು.

ಆದ್ದರಿಂದ ರೋಗಿಯನ್ನು ನೋಡಲು ಹೋಗುವವರಲ್ಲಿ ಒಂದು ವಿನಂತಿ: ಇನ್ನೊಂದು ಪಥ್ಯ ಹೇಳಿ ಬರಬೇಡಿ. ಸಂಜೆಯ ನಡಿಗೆಗೆ ಜೊತೆಯಾಗಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರೋಗಿಗಳೂ ಅಷ್ಟೆ, ಕೊಟ್ಟ ಔಷಧಿಯನ್ನು ನಿಲ್ಲಿಸಬೇಡಿ. ಊಟ ನಿದ್ದೆ ಕೆಡುವಷ್ಟು ಆತಂಕವಿದ್ದರೆ ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು. ಅದು ಆಯ್ಕೆಗೆ ಕೊಡುವ ಭಾಷೆಗಳಲ್ಲಿ ಕನ್ನಡವೂ ಇದೆ.